ಮಾವನವರ ರೇಡಿಯೊ ವಾಲ್ವಿಗೆ ಹೊಸ ತಳ

ಮಾವನವರ ರೇಡಿಯೊಗೆ ನಾನು ಕೈ ಹಾಕಿದ್ದು ಪೂರ್ಣ ಆತ್ಮವಿಶ್ವಾಸದಿಂದಲೇ. ಕೇರಳದ ತುಂಬಾ ಎಂಬ ಊರಿನಲ್ಲಿ ರಾಕೆಟ್ ಹಾರಿಸುವವರ ನಡುವೆ ನನ್ನ ಕೆಲಸ. ನಾನು ನೋಡಿಕೊಳ್ಳುವುದು ಅವರ ಕ್ಯಾಂಟೀನಿನ ಲೆಕ್ಕ ಎಂಬುದು ಬೇರೆ ಮಾತು!

ಪ್ರತಿ ಚಳಿಗಾಲ ಮಾವ ಧಾರವಾಡದಿಂದ ನಮ್ಮ ತಿರುವನಂತಪುರದ ಮನೆಗೆ ಬರುತ್ತಾರೆ. ಇಲ್ಲೇ ಬಿಟ್ಟುಹೋದ ಹಳೆಯ ವಾಲ್ವ್ ರೇಡಿಯೊ ಮಾತನಾಡದೆ ಅವರಿಗೆ ಬೆಳಗಿನ ಚಹಾ ಇಳಿಯದು. ಈ ಸಲ ಅವರು ಬರುವ ದಿನವೇ ನೋಡುತ್ತೇನೆ, ಒಳಗಿನ ಬಲ್ಬಿನಂಥ ವಾಲ್ವುಗಳಲ್ಲಿ ಒಂದರ ಗಾಜು ತನ್ನ ಕಪ್ಪು ತಳದಿಂದ ಬಿಟ್ಟುಕೊಂಡು ಅಲ್ಲಾಡುತ್ತಿದೆ! ಒತ್ತಿ ಹಿಡಿದರೆ ರೇಡಿಯೊ ಹಾಡುತ್ತದೆ, ಬಿಟ್ಟರೆ ಮೌನ.

"ಗಟ್ಟಿಯಾಗಿ ಒಂದ್ ದಾರಾ ಸುತ್ರಿ, ಸಾಕು" ಎಂದಳು ಹೆಂಡತಿ.

ದಾರವೇ! ವಿಜ್ಞಾನಕ್ಕೆ ಎಂಥ ಅವಮಾನ!

ನಾವೆಲ್ಲ ಅಣ್ಣ ಎಂಬರ್ಥದಲ್ಲಿ ಚೇಟ್ಟನ್ ಎನ್ನುವ ಪಕ್ಕದ ಮನೆಯ ವಿಜಯನ್ ಅವರ ಅಟ್ಟದಲ್ಲಿ ಅದೇ ಜಾತಿಯ, ಎಂದೋ ಸತ್ತ ವಾಲ್ವೊಂದು ಸಿಕ್ಕಿತು. ಅದರ ತಳ ಮಾತ್ರ ಹೊಚ್ಚ ಹೊಸದರಂತಿತ್ತು. ಅದನ್ನು ಕಳಚಿ ನಮ್ಮದಕ್ಕೆ ತೊಡಿಸುವುದೆಂದು ತೀರ್ಮಾನವಾಯಿತು.

"ನಮುಕ್ಕ್ ಶರಿಯಾಕ್ಕಾಂ, ಸಾರೇ!" ಸರಿಮಾಡಿಬಿಡೋಣ ಎಂದು ಚೇಟ್ಟನ್ ಹುರುಪೇರಿಸಿದರು.

ತಳದ ಪಿನ್ನುಗಳ, ಅಂದರೆ ಕಾಲುಗಳ, ಬೆಸುಗೆ ಕರಗಿಸಿ, ಅಂಟು ಕೆರೆದು, ಎರಡೂ ವಾಲ್ವುಗಳ ತಳ ಬಿಡಿಸಿದೆ. ಕೆಳಗೆ ತಂತಿ ಇಳಿಬಿಟ್ಟುಕೊಂಡ ಎರಡು ಗಾಜುಗಳು ಪೇಪರಿನ ಮೇಲೆ ಅಕ್ಕಪಕ್ಕ ಮಲಗಿದವು. ನಾನು ಕುಣಿಯುವುದೊಂದು ಬಾಕಿ!

ಆಗ ಮಗಳು ಇಣುಕಿದಳು. "ಅಚ್ಛಾ, ಇದಿಲ್ ಏದಾ ನಲ್ಲದ್?"

ಅಪ್ಪಾ, ಇವುಗಳಲ್ಲಿ ಒಳ್ಳೆಯದು ಯಾವುದು ಎಂಬ ಆ ಮಲಯಾಳಂ ಪ್ರಶ್ನೆ ಕೇಳಿ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದೆ! ನಮ್ಮದು ಯಾವುದು, ಚೇಟ್ಟನ್ ಅವರದು ಯಾವುದು ಎಂಬ ಗುರುತೆಲ್ಲ ಇದ್ದದ್ದು ತಳದಲ್ಲಿ. ಬೆತ್ತಲೆ ಗಾಜುಗಳು ಅವಳಿ ಮಕ್ಕಳಂತಿದ್ದವು.

ದೀರ್ಘವಾಗಿ ಪರಿಶೀಲಿಸಿ, ಹೆಚ್ಚು ಹೊಳೆಯುವುದೇ ನಮ್ಮದೆಂದು ಘೋಷಿಸಿದೆ. ಮತ್ತೆ ಗೊಂದಲವಾಗಬಾರದಲ್ಲ? ಇನ್ನೊಂದರ ತಂತಿಗಳನ್ನು ಇಕ್ಕಳದಿಂದ ಬುಡಸಮೇತ ಕತ್ತರಿಸಿಬಿಟ್ಟೆ. ದೂರದೃಷ್ಟಿ ಎಂದರೆ ಇದು!

ಬಳಿಕ ಹೊಳೆಯುವ ಗಾಜಿನ ಒಂದೊಂದೇ ತಂತಿಯನ್ನು ಹೊಸ ತಳದ ಆಯಾ ಕಾಲಿನೊಳಗೆ ತೂರಿಸಿ, ಬೆಸೆದು, ಅಂಟು ಹಾಕಿದೆ. ಅದು ಒಣಗಿದ ಮೇಲೆ ವಾಲ್ವು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ರೇಡಿಯೊಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಕಾದೆವು. ಇನ್ನೂ ಕಾದೆವು.

ಚೇಟ್ಟನ್ ಕಿವಿಯಿಟ್ಟು ಕೇಳಿ, "ಚತ್ತು ಪೋಯಿ" ಎಂದು ಮರಣವಾರ್ತೆ ಕೊಟ್ಟರು.

"ಹಾಗಾದರೆ ಒಳ್ಳೆಯದು ಇನ್ನೊಂದು!" ಎಂದು ಜಿಗಿದೆ. ಜಿಗಿದವನಿಗೆ ಇಕ್ಕಳ ಕಾಣಿಸಿತು. ಅದರ ಪಕ್ಕದಲ್ಲೇ ನಾನು ಬುಡಸಮೇತ ಕತ್ತರಿಸಿದ್ದ ತಂತಿಗಳು!

ಸಂಜೆ ಮಾವ ಬಂದರು. ಚೀಲ ಕೆಳಗಿಡುವ ಮೊದಲೇ ರೇಡಿಯೊದ ಕಿವಿ ತಿರುವಿದರು. ಉಸಿರಿಲ್ಲ. ನಾನು ಎಲ್ಲ ಒಪ್ಪಿಕೊಂಡೆ. ಅವರ ಮುಖ ಸಣ್ಣದಾಯಿತು. ಅವರು ರೇಡಿಯೊದ ಹಿಂಬದಿಯ ಮುಚ್ಚಳ ತೆಗೆದು, ವಾಲ್ವನ್ನು ಹಿಡಿದು ಅಲ್ಲಾಡಿಸಿ ನೋಡಿದರು.

"ತಳಾ ಮಾತ್ರ ಭಾಳ ಗಟ್ಟಿ ಮಾಡೀರಿ ನೋಡ್ರಿ, ಅಳಿಯಂದಿರ!"

ಎಂಥ ದೊಡ್ಡ ಮನಸ್ಸು! ಕ್ಷಮಿಸಿಯೇಬಿಟ್ಟರು ಎಂದು ನಿರಾಳನಾದೆ. ಆಮೇಲೆ ಸ್ನಾನಕ್ಕೆ ಹೊರಟ ಮಾವ ತಮ್ಮ ಹಳೆಯ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ನಾನು ಸುಮ್ಮನೆ ಅತ್ತ ನೋಡಿದೆ, ಅಷ್ಟೇ.

ಅವರು ಅದನ್ನು ಮತ್ತೆ ಕಟ್ಟಿಕೊಂಡೇ ಸ್ನಾನಕ್ಕೆ ಹೋದರು!