ಆವಲಪ್ಪನ ಬೆನ್ನೇರಿದ ಚೊಂಬು

ಗಂಡಿನ ಕಡೆಯವರ ಮುಂದೆ ಹೆಣ್ಣಿನ ತಂದೆ ಬಗ್ಗಕೂಡದು ಎಂಬುದು ಸುಗಟೂರಿನ ಆವಲಪ್ಪನ ಖಚಿತ ಅಭಿಪ್ರಾಯ. ಮಗಳು ಆದಿಲಕ್ಷ್ಮಿಯ ಮದುವೆ ಮಾತಿಗೆ ಬೈರಕೂರಿನವರು ಬರುವ ದಿನ ಅವನು ಒಂದು ಘನವಾದ ಯೋಜನೆ ಹಾಕಿದ. ಬೀಗರನ್ನು ಚಾಪೆಯ ಮೇಲೆ ಕೂರಿಸಿ ತಾನು ಮಂಚದ ಮೇಲೆ ಕೂರುವುದು. "ಮದುವೆ ನಮ್ಮೂರಲ್ಲೇ, ಅದೂ ಒಂದೇ ದಿನ" ಎಂದು ಮೇಲಿನಿಂದ ಅಪ್ಪಣೆ ಕೊಡುವುದು. ಅದಕ್ಕಾಗಿ ಒಳಮನೆಯ ಹಲಸಿನ ಮರದ ಮಂಚವನ್ನು ಒಬ್ಬನೇ ಎತ್ತಲು ಹೋದ. ಮಂಚ ಅಲ್ಲಾಡಲಿಲ್ಲ. ಬೆನ್ನು ಹಿಡಿದುಕೊಂಡಿತು.

"ಲೇ ಇವಳೇ! ಸತ್ತೆ ಕಣೇ!"

ಹೆಂಡತಿ ಮುನಿಶಾಮಮ್ಮ ಒಲೆ ಬಿಟ್ಟು ಬಂದು ನೋಡಿದಳು. "ಸಾಯೋವಷ್ಟೇನೂ ಆಗಿಲ್ಲ. ಬೋರಲು ಮಲಗಿ, ಚೊಂಬು ಹಾಕ್ತೀನಿ."

"ಬೀಗರು ಬರೋ ಹೊತ್ತು ಕಣೇ!"

"ಆ ಇದ್ದಿಲು ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದದೆ? ಮಲಗಿ."

ಹಿಟ್ಟಿನ ಬಿಲ್ಲೆಯ ಮೇಲೆ ಎಣ್ಣೆಬತ್ತಿ ಹಚ್ಚಿ ಅವನ ಬೆನ್ನ ಮೇಲಿಟ್ಟು, ಹಿತ್ತಾಳೆ ಚೊಂಬನ್ನು ಕವುಚಿದಳು. ಬತ್ತಿ ಆರಿತು. ಚೊಂಬು ಬೆನ್ನಿನ ಮಾಂಸವನ್ನು ಒಳಗೆಳೆದುಕೊಂಡು ಭದ್ರವಾಗಿ ಕೂತಿತು. ನೋವು ಕರಗತೊಡಗಿತು. (ಇದನ್ನು ಆವಲಪ್ಪ ಹೆಂಡತಿಗೆ ಹೇಳಲಿಲ್ಲ. ಹೇಳಿ ಅಭ್ಯಾಸವಿರಲಿಲ್ಲ.) ಅವಳು ಒಲೆಯ ಕಡೆ ಹೋದಳು.

ಯುದ್ಧ ಶುರುವಾಗಿ, ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡತೊಡಗಿದಾಗಿನಿಂದ ಹೊತ್ತಿಗೆ ಬಾರದ ಬಸ್ಸು ಅಂದು ಹೊತ್ತಿಗೆ ಸರಿಯಾಗಿ ಬಂತು. ಅಂಗಳದಲ್ಲಿ ಗಂಡಿನ ತಂದೆ ಚನ್ನರಾಯಪ್ಪನ ಕೆಮ್ಮು ಕೇಳಿಸಿತು. ಆವಲಪ್ಪ ದಡಬಡಿಸಿ ಎದ್ದು ಚೊಂಬಿಗೆ ಕೈ ಹಾಕಿದ, ಎಟುಕಲಿಲ್ಲ. ಗೋಡೆಗೆ ಉಜ್ಜಿದ; ಗೋಡೆಯ ಸುಣ್ಣ ಬಂತು, ಚೊಂಬು ಬರಲಿಲ್ಲ. ಕೊನೆಗೆ ಶಾಲು ಹೊದ್ದು, ಅರ್ಧ ಬಗ್ಗಿಕೊಂಡೇ ಹೊರಗೆ ಬಂದ.

ಗಂಡಿನ ತಾಯಿ ಅನಸೂಯಮ್ಮ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಯ್ಯೋ ದೇವುಡಾ, ಗೂನು! ಯಾರೂ ಹೇಳೇ ಇಲ್ವಲ್ಲ! ನಾಳೆ ಮೊಮ್ಮಕ್ಕಳಿಗೂ ಬಂದ್ರೆ?"

ಆ ಪಿಸುಮಾತು ಅಡುಗೆಮನೆಗೂ ಕೇಳಿಸಿತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಆದಿಲಕ್ಷ್ಮಿಯ ಮುಖ ಬಾಡಿತು. ಮುನಿಶಾಮಮ್ಮ ನೆಟ್ಟಗೆ ಬಂದು ಗಂಡನ ಶಾಲು ಕಿತ್ತು, ಚೊಂಬಿನ ಅಂಚಿನಲ್ಲಿ ಬೆರಳೊತ್ತಿದಳು. 'ಪೊಳ್' ಎಂದು ಚೊಂಬು ಕೈಗೆ ಬಂತು.

"ಗೂನಲ್ಲಮ್ಮ. ಮಂಚ ಎತ್ತಕ್ಕೋಗಿ ಬೆನ್ನು ಹಿಡ್ಕಂಡಿತ್ತು."

"ಈಗ್ಯಾಕೆ ಮಂಚ?" ಎಂದಳು ಅನಸೂಯಮ್ಮ.

"ನಿಮಗಿಂತ ಎತ್ತರಕ್ಕೆ ಕೂರಬೇಕಿತ್ತಂತೆ."

ಆವಲಪ್ಪ ಗೋಡೆ ನೋಡಿದ. ಸಂಬಂಧ ಮುರಿದ ಹಾಗೆಯೇ ಎಂದುಕೊಂಡ. ಚನ್ನರಾಯಪ್ಪ ಅವನ ಬೆನ್ನ ಮೇಲಿನ ದುಂಡು ಕೆಂಪು ಗುರುತನ್ನು ಗಂಭೀರವಾಗಿ ಪರಿಶೀಲಿಸಿದ.

"ನೋವು ಹೋಯ್ತಾ?"

"ಮುಕ್ಕಾಲು ಹೋಯ್ತು," ಎಂದ ಆವಲಪ್ಪ, ವಿಧಿಯಿಲ್ಲದೆ.

"ಅಂಗಾದ್ರೆ ನನಗೂ ಒಂದು ಹಾಕಮ್ಮ. ದಿಣ್ಣೆ ಹತ್ಸಕ್ಕೆ ಬಸ್ಸನ್ನ ನಮ್ಮ ಕೈಲೇ ತಳ್ಳಿಸಿಬಿಟ್ರು. ನಡ ಎತ್ತಾಕಾಗ್ತಿಲ್ಲ."

"ನೀವೂ ಮಲಗಿ, ಇನ್ನೂ ಕಾಲು ಭಾಗ ಉಳಿದದೆ," ಎಂದು ಮುನಿಶಾಮಮ್ಮ ಗಂಡನಿಗೆ ಹೇಳಿದಳು.

ಬೀಗರಿಬ್ಬರೂ ಒಂದೇ ಚಾಪೆಯ ಮೇಲೆ ಬೋರಲು ಮಲಗಿದರು. ಇಬ್ಬರ ಬೆನ್ನ ಮೇಲೂ ಚೊಂಬು ಕೂತಿತು. ಆದಿಲಕ್ಷ್ಮಿ ನಗು ತಡೆದುಕೊಂಡು ಎಲೆಅಡಿಕೆ ತಂದಿಟ್ಟಳು. ಹೆಂಗಸರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲೆಗೆ ಸುಣ್ಣ ಸವರುತ್ತಾ ಮಾತಿಗೆ ಕೂತರು.

"ಹುಡುಗಿ ನಮಗೆ ಒಪ್ಪಿಗೆ. ಮದುವೆ ಬೈರಕೂರಲ್ಲಿ ಆಗ್ಲಿ," ಎಂದಳು ಅನಸೂಯಮ್ಮ.

"ಒಳ್ಳೇದೇ ಆಯ್ತು. ಒಲೆ ಊದೋದು ನಂಗೆ ತಪ್ತು. ಮೂರು ದಿನ ಮಾಡಾನ," ಎಂದಳು ಮುನಿಶಾಮಮ್ಮ.

ಆವಲಪ್ಪ ಕತ್ತೆತ್ತಿದ. "ಮದುವೆ ನಮ್ಮೂ..."

"ಸುಮ್ನೆ ಮಲಗಿ ಬೀಗರೆ," ಎಂದ ಚನ್ನರಾಯಪ್ಪ, ಕಣ್ಣು ಮುಚ್ಚಿಕೊಂಡೇ. "ನಮ್ಮನೇಲಿ ಬೆನ್ನ ಮೇಲೆ ಚೊಂಬು ಇಲ್ದಿದ್ರೂ ಹಿಂಗೇ."