ಕಾಣೆಯಾದ ಅಡ್ಡಗೆರೆ

ಭಿನ್ನರಾಶಿಯ ಅಡ್ಡಗೆರೆ ಕೂದಲೆಳೆಯಷ್ಟೂ ದಪ್ಪ ಇರುವುದಿಲ್ಲ. ಅದನ್ನು ನಂಬಿಯೇ ಗಣಿತದ ಮೇಷ್ಟ್ರು ಕೆಟ್ಟರು.

ಏಳು ವರ್ಷದಿಂದ ಅವರದು ತಾತ್ಕಾಲಿಕ ಕೆಲಸ. ಕಾಯಂ ಮಾಡುವ ಆದೇಶ ಕೊನೆಗೂ ಪ್ರಿನ್ಸಿಪಾಲರ ಮೇಜಿಗೆ ಬಂದಿತ್ತು. ಇವತ್ತಿನ ಆನ್‌ಲೈನ್ ಪರೀಕ್ಷೆ ಸುಸೂತ್ರವಾಗಿ ಮುಗಿದರೆ ಸಂಜೆ ಸಹಿ. "ಸಹಿ ಬಿದ್ದ ತಕ್ಷಣ ಫೋನ್ ಮಾಡಿ," ಎಂದು ಹೆಂಡತಿ ಬಾಗಿಲವರೆಗೂ ಬಂದು ಹೇಳಿದ್ದಳು.

"ಲೆಕ್ಕಗಳನ್ನ ಫೋಟೋ ತೆಗೆದು ಹಾಕ್ಬಿಡಿ ಸಾರ್, ನಾನು ಹಾಗೇ ಮಾಡೋದು," ಎಂದು ವಿಜ್ಞಾನದ ಮೇಡಂ ಹೋದ ವಾರವೇ ಸಲಹೆ ಕೊಟ್ಟಿದ್ದರು.

"ಫೋಟೋ ಹಾಕಿ ಹಾರ ಹಾಕೋಕೆ ಗಣಿತ ಏನು ಸತ್ತುಹೋಗಿದೆಯಾ ಮೇಡಂ?" ಎಂದ ಮೇಷ್ಟ್ರು, ಬ್ರೌಸರೇ ಲೆಕ್ಕ ಬರೆದು ತೋರಿಸುವಂತೆ ಒಂದೊಂದು ಭಿನ್ನರಾಶಿಗೂ ಹತ್ತು ಸಾಲು ಕೋಡ್ ಕುಟ್ಟಿದ್ದರು. ಮನೆಯ ಕಂಪ್ಯೂಟರಿನಲ್ಲಿ ಅದು ಮುತ್ತು ಪೋಣಿಸಿದ ಹಾಗೆ ಕಂಡಿತ್ತು.

ಶಾಲೆಯ ಲ್ಯಾಬಿನ ಹಳೇ ಬ್ರೌಸರಿಗೆ ಆ ಕೋಡ್ ಅರ್ಥವಾಗಲಿಲ್ಲ. ಗೆರೆಗಳನ್ನೆಲ್ಲ ನುಂಗಿ ಅಂಕೆಗಳನ್ನಷ್ಟೇ ಉಗುಳಿತು. 'ಒಂದು ಬೈ ಎರಡಕ್ಕೆ ಒಂದು ಬೈ ಮೂರು ಕೂಡಿಸಿ' ಎಂಬ ಮೊದಲ ಪ್ರಶ್ನೆ ಪರದೆಯ ಮೇಲೆ '12 + 13' ಆಗಿ ನಿಂತಿತ್ತು. ಪರೀಕ್ಷೆಗೆ ಇನ್ನು ಹತ್ತೇ ನಿಮಿಷ.

ಲ್ಯಾಬಿನವನಿಗೆ ಎಲ್ಲರೂ ಇಟ್ಟ ಹೆಸರು ರೀಸ್ಟಾರ್ಟ್. ಅವನಿಗೆ ಗೊತ್ತಿದ್ದ ಮದ್ದು ಅದೊಂದೇ. "ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ ಸಾರ್," ಎಂದ. ಮಾಡಿದ. ಸರಿಹೋಗಲಿಲ್ಲ.

"ನಾನು ಅವತ್ತೇ ಹೇಳಿದ್ದೆ," ಎಂದರು ಬಾಗಿಲಲ್ಲಿ ವಿಜ್ಞಾನದ ಮೇಡಂ. ಇನ್ನೊಬ್ಬರ ಮನೆಗೆ ಬೆಂಕಿ ಬಿದ್ದಾಗ ಇಂಥವರು ನೀರು ತರುವುದಿಲ್ಲ, ಕುರ್ಚಿ ತರುತ್ತಾರೆ.

"ಏನಾದ್ರೂ ಮಾಡಿ ಸರಿಮಾಡಪ್ಪಾ, ಕೈ ಮುಗೀತೀನಿ!" ಎಂದು ಮೇಷ್ಟ್ರು ತಮ್ಮ ಪಾಸ್‌ವರ್ಡನ್ನು ರೀಸ್ಟಾರ್ಟನ ಕೈಗಿಟ್ಟು, ಸೀಮೆಸುಣ್ಣ ಹಿಡಿದು ಬೋರ್ಡಿಗೆ ಓಡಿದರು. ಮೂವತ್ತು ಲೆಕ್ಕವನ್ನೂ ತೋಳು ಬಿದ್ದುಹೋಗುವಂತೆ ಬರೆದರು. ಮಕ್ಕಳು ಬೋರ್ಡ್ ನೋಡಿ ಉತ್ತರ ಒತ್ತಿದರು. ಬದುಕಿದೆ ಎಂದುಕೊಂಡರು ಮೇಷ್ಟ್ರು.

ಗಂಟೆಯೊಳಗೆ ಅಂಕಗಳು ತಂದೆತಾಯಂದಿರ ಫೋನಿಗೆ ಹಾರಿದವು. ಇಡೀ ತರಗತಿಗೆ ಸೊನ್ನೆ. ಬೋರ್ಡಿನ ಕಡೆ ತಲೆಯನ್ನೇ ಎತ್ತದ ಒಬ್ಬ ಹುಡುಗಿಗೆ ಮಾತ್ರ ನೂರಕ್ಕೆ ನೂರು.

ಪ್ರಿನ್ಸಿಪಾಲರ ಕೋಣೆಯ ಹೊರಗೆ ಜನ ಕುದಿಯುತ್ತಿದ್ದರು. "ಬ್ರೌಸರಿನ ತಪ್ಪು ಮೇಡಂ, ಅದು ಗೆರೆಗಳನ್ನ ತೋರಿಸಲ್ಲ. ನೀವೇ ನೋಡಿ," ಎಂದು ಒಳಗೆ ಮೇಷ್ಟ್ರು ಪ್ರಿನ್ಸಿಪಾಲರ ಮುಂದೆ ಗೋಗರೆದರು.

ಪ್ರಿನ್ಸಿಪಾಲರು ತಮ್ಮ ಹೊಸ ಕಂಪ್ಯೂಟರನ್ನು ಇವರತ್ತ ತಿರುಗಿಸಿದರು. ಅದರಲ್ಲಿ ಒಂದು ಗೆರೆಯೂ ಅಳಿಸಿರಲಿಲ್ಲ.

"ಚೆನ್ನಾಗೇ ಕಾಣ್ತಿದೆಯಲ್ಲ? ಕೆಳಗೆ ನಿಮ್ಮ ಹೆಸರಲ್ಲಿ ಸರಿಯುತ್ತರ ಇಪ್ಪತ್ತೈದು ಅಂತಿದೆ. ಅರ್ಧಕ್ಕೆ ಮೂರನೇ ಒಂದು ಭಾಗ ಸೇರಿಸಿದ್ರೆ ಇಪ್ಪತ್ತೈದಾ ಮೇಷ್ಟ್ರೇ?"

"ಅಯ್ಯೋ, ಅದು ನಾನು ಹಾಕಿದ್ದಲ್ಲ! ಅವನನ್ನ ಕರೆಸಿ ಕೇಳಿ!"

ರೀಸ್ಟಾರ್ಟ್ ಬಂದ. ಅವನಷ್ಟು ಪ್ರಾಮಾಣಿಕ ಆ ಶಾಲೆಯಲ್ಲಿ ಇನ್ನೊಬ್ಬನಿರಲಿಲ್ಲ.

"ಹೌದು ಮೇಡಂ, ಸಾರ್ ಸರಿಮಾಡು ಅಂದ್ರು, ಉತ್ತರಗಳನ್ನೆಲ್ಲ ನಾನೇ ತಿದ್ದಿದೆ. ಪಾಪ, ಅವರು ಹನ್ನೆರಡಕ್ಕೆ ಹದಿಮೂರು ಕೂಡಿಸಿ ಐವತ್ತಾರು ಅಂತ ಹಾಕಿದ್ರು."

"ಅದು ಐದು ಬೈ ಆರು ಕಣಯ್ಯಾ!" ಎಂದು ಮೇಷ್ಟ್ರು ಕೂಗಿದ್ದು ಹೊರಗಿನವರ ನಗೆಯಲ್ಲಿ ಯಾರಿಗೂ ಕೇಳಲಿಲ್ಲ.

ಪ್ರಿನ್ಸಿಪಾಲರು ಆದೇಶವನ್ನು ಮಡಿಸಿ ಡ್ರಾಯರಿಗೆ ಹಾಕಿದರು. "ಇನ್ನೊಂದು ವರ್ಷ ಹೀಗೇ ಇರಲಿ. ಅಷ್ಟರಲ್ಲಿ ಕೂಡೋದು ಸ್ವಲ್ಪ ಅಭ್ಯಾಸ ಮಾಡ್ಕೊಳ್ಳಿ."

ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಹೆಂಡತಿಯದು. ಏಳಕ್ಕೆ ಒಂದು ಕೂಡಿಸಿದರೆ ಎಂಟು. ಆ ಲೆಕ್ಕ ಮಾತ್ರ ಮೇಷ್ಟ್ರಿಗೆ ತಪ್ಪಲಿಲ್ಲ.