ನಗಿಸುವವನಿಗೆ ಪಿಂಚಣಿ ಉಂಟೇ?

ಹುಣಸೂರಿನಲ್ಲಿ ಮೊಳೆ, ಹಗ್ಗ, ಪಂಪ್‌ಸೆಟ್ಟು ಮಾರುವ ನನ್ನ ಅಂಗಡಿಗೆ ದಿನಕ್ಕೊಬ್ಬರಾದರೂ ಬಂದು, ಏನೂ ಕೊಳ್ಳದೆ, ಕನಿಕರ ಮಾತ್ರ ಕೊಟ್ಟು ಹೋಗುತ್ತಿದ್ದರು. ಕಾರಣ ನನ್ನ ತಮ್ಮ. ಅವನು ಟಿ.ವಿ. ಧಾರಾವಾಹಿಗೆ ಹಾಸ್ಯ ಬರೆಯುತ್ತಿದ್ದ. ಕೇಬಲ್ಲು ಆಗಷ್ಟೇ ಊರೂರಿಗೆ ಬಂದಿದ್ದ ಕಾಲ. ಸಂಜೆ ಬಿದ್ದು ಬಿದ್ದು ನಕ್ಕವರೇ ಬೆಳಿಗ್ಗೆ ಬಂದು, ಪಾಪ ಇವನಿಗೊಂದು ಕೆಲಸ ಕೊಡಿಸಬಾರದಾ ಎನ್ನುತ್ತಿದ್ದರು. ಅವನಿಗೆ ಮೂವತ್ತೆರಡಾಗಿತ್ತು. ಇದೊಂದೇ ಕಾರಣಕ್ಕೆ ನಾಲ್ಕು ಕಡೆ ಹೆಣ್ಣು ಕೊಡಲಿಲ್ಲ. ಬರೆಯುವುದು ಬಿಡಿಸಿ ಗಲ್ಲಾದಲ್ಲಿ ಕೂರಿಸಿ ಎಂದವರಿಗೆಲ್ಲ ನನ್ನದು ಒಂದೇ ಉತ್ತರ: ಮೊಳೆ ಮಾರುವವರು ಈ ಬೀದಿಯಲ್ಲೇ ಆರು ಜನ ಇದ್ದೇವೆ, ನಗು ಮಾರುವವನು ತಾಲ್ಲೂಕಿಗೊಬ್ಬನೇ.

೧. ಉದ್ಯೋಗ ಏನು?

ಮೊದಲ ಚೆಕ್ಕು ಬಂದಾಗ ಖಾತೆ ತೆರೆಯಲು ಬ್ಯಾಂಕಿಗೆ ಹೋದೆವು. ಗುಮಾಸ್ತರು ಉದ್ಯೋಗ ಕೇಳಿದರು. ಹಾಸ್ಯ ಬರೆಯುತ್ತೇನೆ ಎಂದ ತಮ್ಮ. ಅದು ಸರಿ, ಹೊಟ್ಟೆಪಾಡಿಗೆ ಎಂದರು. ಅದೇ ಎಂದ. ಅವರು ಕನ್ನಡಕ ತೆಗೆದು ಅವನನ್ನೊಮ್ಮೆ ನೋಡಿ, ನಿಧಾನವಾಗಿ ‘ನಿರುದ್ಯೋಗಿ’ ಎಂದು ಬರೆದರು. ನಾನು ಚೆಕ್ಕನ್ನು ಅವರ ಮುಂದಿಟ್ಟೆ. ಮೊತ್ತ ನೋಡಿ ಅರ್ಜಿ ಹರಿದರು, ಹೊಸದು ತೆಗೆದರು, ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಬರೆಯೋಕೆ ನಮ್ಮ ಮ್ಯಾನೇಜರ್ ವಿಷಯ ಹೇಳಿದ್ರೆ ನನಗೇನಾದ್ರೂ ಸಿಗುತ್ತಾ?”

೨. ಕೊನೆಯ ಪುಟ

ಆಮೇಲೆ ಚೆಕ್ಕು ನಿಂತಿತು. ಬೆಂಗಳೂರಿನ ನಿರ್ಮಾಪಕರು ಪ್ರತಿ ವಾರವೂ ಮುಂದಿನ ವಾರ ಅನ್ನುತ್ತಿದ್ದರು. ತಮ್ಮ ಸಂಕೋಚದ ಮನುಷ್ಯ, ಕೇಳಲಾರ. ನನಗೆ ಆ ಕಾಯಿಲೆ ಇಲ್ಲ. ಕಡ ಕೇಳುವವರಿಗೆ ಪಂಪ್‌ಸೆಟ್ಟು ಕೊಡುವಾಗ ಫುಟ್ ವಾಲ್ವ್ ಒಂದನ್ನು ನಾನೇ ಇಟ್ಟುಕೊಳ್ಳುತ್ತೇನೆ. ಅದಿಲ್ಲದೆ ನೀರು ಮೇಲೇರದು. ಬಾಕಿ ತಂದವರು ವಾಲ್ವ್ ಒಯ್ಯುತ್ತಾರೆ. ಅದೇ ಪದ್ಧತಿಯಂತೆ ಆ ವಾರದ ಕಂತಿನ ಕೊನೆಯ ಪುಟ ತೆಗೆದು ಗಲ್ಲಾಪೆಟ್ಟಿಗೆಗೆ ಹಾಕಿ, ಉಳಿದದ್ದನ್ನು ಕಳಿಸಿದೆ.

ಅಂಗಡಿಗೆ ಫೋನ್ ಬಂತು. ನಟರೆಲ್ಲ ಬಣ್ಣ ಹಚ್ಚಿಕೊಂಡು ಕೂತಿದ್ದಾರೆ, ಕಥೆ ಮುಗಿಯುತ್ತಲೇ ಇಲ್ಲ ಎಂದು ನಿರ್ಮಾಪಕರ ಗೋಳು. ನಮ್ಮ ಬಾಕಿಯೂ ಹಾಗೇ ಸ್ವಾಮಿ, ಮುಗಿಯುತ್ತಲೇ ಇಲ್ಲ ಎಂದೆ. ಮಾರನೇ ದಿನ ಅವರೇ ಕಾರಿನಲ್ಲಿ ಬಂದು ಹಣ ಎಣಿಸಿಟ್ಟರು. ಪುಟವನ್ನು ಅಲ್ಲೇ ನಿಂತು ಓದಿದರು. ನಕ್ಕರೆ ರೇಟು ಏರೀತೆಂದು ತುಟಿ ಕಚ್ಚಿ, ಕೊನೆಗೆ ತಡೆಯಲಾರದೆ ಕೆಮ್ಮಿದರು.

ಮೂವತ್ತು ವರ್ಷ ಗಿರಾಕಿಗಳ ಮುಖ ನೋಡಿದವನು ನಾನು. ಆ ಕೆಮ್ಮಿಗೆ ಕಂತಿಗೆ ಇನ್ನೂರು ರೂಪಾಯಿ ಏರಿಸಿದೆ.

೩. ರಾವಂದೂರಿನ ಪ್ರಶ್ನೆ

ಐದನೆಯ ಹೆಣ್ಣು ನೋಡಲು ರಾವಂದೂರಿಗೆ ಹೋದೆವು. ಹುಡುಗಿಯ ಅಪ್ಪ ಹೊಗೆಸೊಪ್ಪು ಬೆಳೆಯುವವರು, ಅನುಕೂಲಸ್ಥರು. ಬಾಳೆಹಣ್ಣನ್ನು ನಡುವಿಗೆ ಕತ್ತರಿಸಿ ಇಬ್ಬರಿಗೆ ಒಂದರಂತೆ ಕೊಟ್ಟರು. ಫೋನಿಗೆ ಬೀಗ, ಬೀಗದ ಕೈ ಅವರ ಉಡಿದಾರದಲ್ಲಿ. ಹಳೇ ಬ್ಯಾಟರಿ ಸೆಲ್ಲುಗಳು ಹೆಂಚಿನ ಮೇಲೆ ಬಿಸಿಲು ಕಾಯುತ್ತಿದ್ದವು. ತಮ್ಮ ಹುಡುಗಿಯನ್ನು ನೋಡಿದ, ಹುಡುಗಿ ತಮ್ಮನನ್ನು ನೋಡಿದಳು. ಅಷ್ಟು ಸಾಕಿತ್ತು. ಅಪ್ಪನಿಗೆ ಸಾಲದು.

“ಸಾವ್ಕಾರ್ರೇ, ಈ ಕೆಲ್ಸಕ್ಕೆ ಪಿಂಚಣಿ ಐತಾ?”

ಇಲ್ಲ ಎಂದೆ.

“ಜನಕ್ಕೆ ನಗು ಸಾಕಾಗೋದ್ರೆ? ಆಮೇಕೆ ನನ್ ಮಗ್ಳು ಏನ್ ತಿನ್ನಾದು? ಇದು ಎಷ್ಟು ವರ್ಸದ ಬೆಳೆ?”

ನನಗೂ ರೇಗಿತು. “ಯಜಮಾನ್ರೇ, ನಿಮ್ಮ ಬೆಳೆಗೆ ಗೊಬ್ಬರ ಬೇಕು, ಸೊಪ್ಪು ಒಣಗಿಸೋಕೆ ಸೌದೆ ಬೇಕು, ಒಳ್ಳೆ ಹರಾಜು ಬೇಕು. ನನ್ನ ತಮ್ಮನ ಬೆಳೆಗೆ ನಿಮ್ಮಂಥೋರಿದ್ರೆ ಸಾಕು.”

ಬಾಗಿಲ ಹಿಂದೆ ಹುಡುಗಿ ಕಿಸಕ್ಕೆಂದಳು. ಅಪ್ಪ ನಗಲಿಲ್ಲ. ಯೋಚನೆ ಮಾಡಿ ಹೇಳುತ್ತೇವೆ ಎಂದರು. ನಮ್ಮ ಕಡೆ ಅದರರ್ಥ ‘ಹೋಗಿ ಬನ್ನಿ’, ಅದರಲ್ಲೂ ‘ಹೋಗಿ’ ಮಾತ್ರ.

೪. ಪಿಂಚಣಿ

ಆ ಬೇಸರಕ್ಕೆ ತಮ್ಮ ನನಗೂ ಹೇಳದೆ ಮೂರು ಕಂತು ಬರೆದುಬಿಟ್ಟ. ಒಂದು ವಾರ ಅರ್ಧ ಬಾಳೆಹಣ್ಣು. ಇನ್ನೊಂದು ವಾರ ಫೋನಿನ ಬೀಗ: ಮನೆಗೆ ಬೆಂಕಿ ಬಿದ್ದಿದೆ, ಯಜಮಾನ ಸ್ನಾನಕ್ಕೆ ಕೂತಿದ್ದಾನೆ, ಬೀಗದ ಕೈ ಅವನ ಸೊಂಟದಲ್ಲಿ. ಮೂರನೇ ವಾರ ಬ್ಯಾಟರಿ ಸೆಲ್ಲು. ಇಡೀ ರಾವಂದೂರಿಗೆ ಅದು ಯಾರೆಂದು ತಿಳಿಯಿತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ಹುಡುಗಿಯ ಅಪ್ಪ ಮೊದಲ ಬಸ್ಸಿಗೆ ಬಂದಿಳಿದು, ಪೇಂಟ್ ಡಬ್ಬದ ಮೇಲೆ ಕೂತರು. ತಮ್ಮ ಒಳಗೆ ಹಗ್ಗದ ಸುರುಳಿಗಳ ಹಿಂದೆ ಸರಿದ. ಸಂಬಂಧದ ಕೊನೆಯ ಆಸೆಯೂ ಹೋಯಿತೆಂದು ನನಗೂ ಖಾತರಿಯಾಯಿತು. ಆದರೂ ತಪ್ಪಾಯಿತು ಅನ್ನಲಿಲ್ಲ. ಮಾಲು ಚೆನ್ನಾಗಿದ್ದರೆ ಮಾರುವವನು ತಲೆ ತಗ್ಗಿಸಬಾರದು.

“ನನ್ ವಿಸ್ಯ ಮೂರು ವಾರ ಓಡ್ತಲ್ಲ, ಅದ್ಕೆ ಎಷ್ಟು ಬಂತು?”

ಎಷ್ಟೆಂದು ಹೇಳಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಬಹಳ ಹೊತ್ತು ಹಾಕಿದರು.

“ನಾವು ಆರು ಜನ ಅಣ್ತಮ್ಮಂದ್ರು ಕಣ್ರೀ ಸಾವ್ಕಾರ್ರೇ. ಆರ್ ಜನದಲ್ಲಿ ಧಾರಾಳಿ ಅಂದ್ರೆ ನಾನೇ. ಅಂಗಾದ್ರೆ ಈ ಬೆಳೆ ಮೂವತ್ತು ವರ್ಸಕ್ಕೆ ಮೋಸ ಇಲ್ಲ ಬುಡಿ. ಎಣ್ಣು ಕೊಡ್ತೀನಿ.”

ಕುದುರಿದ ವ್ಯಾಪಾರದ ಮೇಲೆ ಮಾತಾಡುವವನು ಮೂರ್ಖ. ಎಲೆ ಅಡಿಕೆ ತರಿಸಿ ಅವರ ಕೈಗಿಟ್ಟೆ. ಎದ್ದವರು ಬಾಗಿಲವರೆಗೆ ಹೋಗಿ ತಿರುಗಿ, ಹಗ್ಗದ ಸುರುಳಿಗಳ ಕಡೆ ಬೆರಳು ತೋರಿಸಿದರು.

“ಅನಗೋಡಲ್ಲಿ ನಮ್ಮಣ್ಣ ಅವ್ನೆ. ನಮ್ಗೆಲ್ಲ ಗುರು. ಅವುನ್ನ ಮಾತ್ರ ಈಗ್ಲೇ ಬರ್ದು ಮುಗಿಸ್ಬ್ಯಾಡ ಅನ್ನಿ ಅಳೀಮಯ್ಯಂಗೆ. ಅವ್ನು ಪಿಂಚಣಿಗೆ ಇರ್ಲಿ.”